ಬೆಂಕಿ ಹಚ್ಚಿದರೆ ಬೀಸುವ ಪಂಖಾ

"ಈ ಬ್ಯಾಸಗಿಯೊಳಗ ನಮ್ಮ ಮನ್ಯಾಗ ಯಾರೂ ಬೀಸಣಕಿ ಮುಟ್ಟೂಹಂಗಿಲ್ಲ."

ಯುಗಾದಿಯ ದಿನ ಬೇವಿನ ಬಟ್ಟಲು ಇನ್ನೂ ಕೈಯಲ್ಲಿರುವಾಗಲೇ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಚನಮಲ್ಲಪ್ಪ ಹೀಗೆ ಘೋಷಿಸಿದ. ಜಮಖಂಡಿ, ಮುಧೋಳದ ಸಂಸ್ಥಾನಗಳು ಮುಂಬಯಿ ಸರಕಾರದಲ್ಲಿ ಸೇರಿಹೋಗಿ ಒಂದೆರಡು ವರ್ಷಗಳಾಗಿದ್ದವಷ್ಟೆ. ರಾಜರು ಹೋಗಿದ್ದರು, ಬಿಸಿಲು ಮಾತ್ರ ಹೋಗಿರಲಿಲ್ಲ. ಓಣಿಗೆ ವಿದ್ಯುತ್ತಿನ ಕಂಬ ಬರುತ್ತದೆ ಎಂಬ ಸುದ್ದಿ ಆಗಾಗ ಬರುತ್ತಿತ್ತು, ಕಂಬ ಬರುತ್ತಿರಲಿಲ್ಲ. ಇಂಥ ಕಾಲದಲ್ಲಿ ಬೀಸಣಿಗೆಯನ್ನೇ ಬಹಿಷ್ಕರಿಸುತ್ತೇನೆ ಎನ್ನುವುದೆಂದರೆ ಸಾಮಾನ್ಯ ಮಾತೇ? ಹೆಂಡತಿ ಭಾಗವ್ವ ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ.

ಇದ್ದದ್ದು ಹಳೆಯ ರೋಗವೇ, ಯಂತ್ರದ ಹುಚ್ಚು! ಬೆಲ್ಲದ ಪೆಂಟೆಯನ್ನು ಕಣ್ಣಿನಲ್ಲೇ ತೂಗಿ ಬೆಲೆ ಹೇಳುತ್ತಿದ್ದ ಚನಮಲ್ಲಪ್ಪ, ಒಂದು ಹಲ್ಲಿನ ಚಕ್ರ ಕಂಡರೆ ಸಾಕು, ಜಾತ್ರೆಗೆ ಬಂದ ಕೂಸಿನಂತಾಗುತ್ತಿದ್ದ. ಯಾರ ವಾಡೆ ಖಾಲಿಯಾಗುತ್ತಿದೆ, ಯಾವ ಸಾಹೇಬ ಊರು ಬಿಡುತ್ತಿದ್ದಾನೆ ಎಂಬುದು ಅವನಿಗೆ ಬೆಲ್ಲದ ಧಾರಣೆಗಿಂತ ಮೊದಲು ತಿಳಿಯುತ್ತಿತ್ತು. ಮನೆಯಲ್ಲಿ ಹಾಡಿನ ತಟ್ಟೆಯಿಲ್ಲದ ಗ್ರಾಮಫೋನ್ ಒಂದಿತ್ತು. ಟಿಕ್ ಟಿಕ್ ಎನ್ನುತ್ತ ಗಂಟೆ ಹೊಡೆದರೂ ಮುಳ್ಳು ತಿರುಗಿಸದ ಗೋಡೆ ಗಡಿಯಾರವೊಂದಿತ್ತು. ನಿಂಬೆಹಣ್ಣು ಹಿಂಡುವುದಕ್ಕೆಂದು ಇಬ್ಬರು ಗಂಡಾಳು ತಿರುಗಿಸಬೇಕಾದ ಕಬ್ಬಿಣದ ಸಾಧನವೊಂದಿತ್ತು. ಅದು ನಿಜಕ್ಕೂ ಪುಸ್ತಕಕ್ಕೆ ರಟ್ಟು ಕಟ್ಟುವವರು ಬಳಸುವ ಒತ್ತುಯಂತ್ರ ಎಂಬುದು ಮುಂದೆಂದೋ ತಿಳಿಯಿತು.

ಈ ಸಲ ಜಮಖಂಡಿಯಲ್ಲಿ ಒಬ್ಬ ಮುದಿ ಇಂಜಿನಿಯರ ಸಾಹೇಬರು ಗಂಟುಮೂಟೆ ಕಟ್ಟಿ ಪುಣೆಗೆ ಹೊರಟಿದ್ದರು. ಅವರ ಸಾಮಾನು ಮಾರಾಟಕ್ಕಿತ್ತು. ಚನಮಲ್ಲಪ್ಪ ಹೋಗಿ, ಸಂಜೆಯ ಮೋಟಾರಿನ ಟಪ್ಪಿನ ಮೇಲೆ ಕೌದಿ ಸುತ್ತಿದ ಒಂದು ಆಳೆತ್ತರದ ವಸ್ತುವನ್ನು ತಂದ. ಕೌದಿ ಬಿಚ್ಚಿದಾಗ ಪಡಸಾಲೆಯೇ ಬೆಳಗಿತು. ಕರೀ ಕಬ್ಬಿಣದ ಮೂರು ಕಾಲು, ನಡುವೆ ಒಂದು ದಪ್ಪ ಕೊಳವೆ, ಮೇಲೆ ಹಿತ್ತಾಳೆಯ ನಾಲ್ಕು ಅಗಲ ರೆಕ್ಕೆ. ಕೆಳಗೆ ಬತ್ತಿ, ಗಾಜು ಸಮೇತ ಒಂದು ಸೀಮೆಎಣ್ಣೆಯ ದೀಪ.

"ಕಂದೀಲಿಗಿ ರೆಕ್ಕಿ ಯಾಕ ಹಚ್ಚ್ಯಾರ?" ಎಂದು ಭಾಗವ್ವ ಕೇಳಿದಳು.

ಚನಮಲ್ಲಪ್ಪ ಸೊಂಟದ ಮೇಲೆ ಕೈಯಿಟ್ಟು ವಿವರಿಸಿದ. ಇದು ವಿಲಾಯತಿ ಪಂಖಾ. ತಂತಿ ಬೇಡ, ಉಗಿ ಬೇಡ, ಎಳೆಯಲು ಆಳು ಬೇಡ. ದೀಪ ಹಚ್ಚಿದರೆ ಕೊಳವೆಯೊಳಗಿನ ಗಾಳಿ ಕಾದು ಹಿಗ್ಗುತ್ತದೆ, ಮೇಲೆ ಹೋಗಿ ತಣಿದು ಕುಗ್ಗುತ್ತದೆ. ಆ ಹಿಗ್ಗು ಕುಗ್ಗಿಗೆ ಒಳಗಿನ ದಂಡ ಏರಿಳಿದು ರೆಕ್ಕೆ ತಿರುಗುತ್ತದೆ. ಎಲ್ಲವನ್ನೂ ಕೇಳಿಸಿಕೊಂಡ ಭಾಗವ್ವ ಒಂದೇ ಮಾತು ಹೇಳಿದಳು.

"ಅಂದ್ರ ಸೆಕಿ ಆಗತೈತಂತ ಮನ್ಯಾಗ ಬೆಂಕಿ ಹಚ್ಚಾವ್ರು ನೀವು."

ಆದರೆ ಪಂಖಾ ತಿರುಗಿತು! ದೀಪ ಹಚ್ಚಿ ಹತ್ತು ನಿಮಿಷ ಕಾದು, ರೆಕ್ಕೆಗೆ ಬೆರಳಿನಿಂದ ಒಂದು ಸಣ್ಣ ತಳ್ಳು ಕೊಟ್ಟರೆ ಸಾಕು, ಟಿಕ್ ಟಿಕ್ ಎಂದು ಮೆಲ್ಲಗೆ ನಾಲಿಗೆ ಲೊಚಗುಟ್ಟುವಂತೆ ಸದ್ದು ಮಾಡುತ್ತ ತಿರುಗತೊಡಗುತ್ತಿತ್ತು. ಇಂದಿನ ಪಂಖದ ಭರಾಟೆ ಅದಕ್ಕಿರಲಿಲ್ಲ. ಈಗ ಗುಂಡಿ ಒತ್ತುತ್ತೇವೆ, ಗಾಳಿ ಬರುತ್ತದೆ, ಬಂದದ್ದು ನಮ್ಮ ಗಮನಕ್ಕೂ ಬರುವುದಿಲ್ಲ. ಆ ಕಾಲದ ಗಾಳಿ ಕಾಯಿಸಿಕೊಂಡು ಬರುತ್ತಿತ್ತು. ಬಂದರೆ ಓಣಿಯವರೆಲ್ಲ ಬಂದು ಅದರ ಮುಂದೆ ಕುಳಿತು, ರುಮಾಲು ತೆಗೆದು ತಲೆ ಒಡ್ಡಿ, ಕಣ್ಣು ಮುಚ್ಚಿ, ಊಟಕ್ಕಿಂತ ಹೆಚ್ಚಾಗಿ ಅದನ್ನು ಸವಿಯುತ್ತಿದ್ದರು. ಬೆಲ್ಲದ ಪೇಟೆಯ ಸಿಹಿ ವಾಸನೆ, ಹೊರಗೆ ಚಕ್ಕಡಿಗಳ ಗೆಜ್ಜೆ, ಒಳಗೆ ಈ ಟಿಕ್ ಟಿಕ್. ಆ ಬೇಸಿಗೆಯನ್ನು ಕಂಡವರು ಮುಪ್ಪಿನಲ್ಲೂ ನೆನೆಯುತ್ತಿದ್ದರು.

ಇನ್ನು ಚನಮಲ್ಲಪ್ಪನ ಮಾವ ಶಿವಯೋಗೆಪ್ಪನವರ ಸಂಗತಿ ಹೇಳಬೇಕು. ಅವರು ಬೀಳಗಿಯ ದೊಡ್ಡ ಒಕ್ಕಲು. ಅದಕ್ಕೂ ದೊಡ್ಡದು ಅವರ ಮೀಸೆಯಾಗಿತ್ತು. ಊರ ಜನ ಮೊದಲು ಮೀಸೆಗೆ ನಮಸ್ಕಾರ ಮಾಡಿ ಆಮೇಲೆ ಮನುಷ್ಯನ ಕ್ಷೇಮ ಕೇಳುತ್ತಿದ್ದರು. ಎರಡು ವರ್ಷದ ಹಿಂದೆ ಮಹಾಲಿಂಗಪುರಕ್ಕೆ ಬಂದಾಗ ಅಳಿಯ ಹೊಸದಾಗಿ ತಂದಿದ್ದ ಪಂಪ್ ಸ್ಟೋವನ್ನು ತೋರಿಸುವ ಉಮೇದಿನಲ್ಲಿ ಹೊಡೆಯಬಾರದಷ್ಟು ಪಂಪು ಹೊಡೆದ. ಮಾವ ಬಗ್ಗಿ ನೋಡುವುದಕ್ಕೂ ಜ್ವಾಲೆ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಎಡಗಡೆಯ ಮೀಸೆ ಹೋಯಿತು. ಸರಿದೂಗಿಸಲೆಂದು ಬಲಗಡೆಯದನ್ನು ಕ್ಷೌರಿಕ ತೆಗೆದ. ಅಂದೇ ಅವರು, ಅಳಿಯನಿಗೆ ಮಷೀನಿನ ಗಾಳಿ ಬಡಿದಿದೆ, ಮಷೀನು ಓಡುವ ಮನೆಯೊಳಗೆ ತಾನು ಇರುವವನಲ್ಲ ಎಂದು ಆಣೆ ಮಾಡಿ ಎದ್ದುಹೋದವರು ಮತ್ತೆ ಬಂದಿರಲಿಲ್ಲ.

ಮೀಸೆ ಮರಳಿ ಬೆಳೆಯಿತು. ಮಾವ ಮರಳಲಿಲ್ಲ. ಈ ನಡುವೆ ಭಾಗವ್ವನಿಗೆ ಎರಡನೆಯ ಹೆರಿಗೆಯಾಗಿ ಹೆಣ್ಣು ಕೂಸು ಹುಟ್ಟಿತು. ಅಪ್ಪ ಬಂದು ತೊಟ್ಟಿಲು ತೂಗದೆ ಹೆಸರಿಡುವುದಿಲ್ಲ ಎಂದು ಅವಳೂ ಹಠ ಹಿಡಿದಳು. ಅಪ್ಪನ ಮಗಳಲ್ಲವೇ! ಕೂಸಿಗೆ ಮೂರು ತಿಂಗಳಾದರೂ ಹೆಸರಿಲ್ಲ, ಎಲ್ಲರೂ ಕೂಸು ಎಂದೇ ಕರೆಯುತ್ತಿದ್ದರು. ಭಾಗವ್ವ ಮನಸ್ಸಿನಲ್ಲೇ ವಿಮಲಾ ಎಂಬ ಹೊಸ ನಮೂನೆಯ ಹೆಸರನ್ನು ಆರಿಸಿಟ್ಟುಕೊಂಡು ಕಾಯುತ್ತಿದ್ದಳು. ರಾತ್ರಿ ಕೂಸಿಗೆ ಮೊಲೆಯೂಡುವಾಗ ಒಮ್ಮೊಮ್ಮೆ ಸುಮ್ಮನೆ ಕಣ್ಣೀರು ಹಾಕುತ್ತಿದ್ದಳು. ಅದನ್ನು ಕಂಡಾಗ ಮಾತ್ರ ಚನಮಲ್ಲಪ್ಪನಿಗೆ ತನ್ನ ಯಂತ್ರಗಳ ಮೇಲೆ ಬೇಸರ ಬರುತ್ತಿತ್ತು.

ಕಡೆಗೆ ಅತ್ತೆ ಶಿವಗಂಗವ್ವ ಗಂಡನನ್ನು ಒಪ್ಪಿಸಿದಳು. ಬರುತ್ತೇನೆ, ಆದರೆ ನಾನಿರುವಷ್ಟು ಹೊತ್ತು ಮನೆಯಲ್ಲಿ ಒಂದು ಗಾಲಿಯೂ ತಿರುಗಕೂಡದು ಎಂದು ಶಿವಯೋಗೆಪ್ಪ ಹೇಳಿ ಕಳಿಸಿದರು. ಭಾಗವ್ವ ಗಂಡನ ಎರಡೂ ಕೈ ಹಿಡಿದುಕೊಂಡಳು.

"ನಿಮಗ ಕೈ ಮುಗೀತೇನ್ರಿ, ಅವತ್ತೊಂದಿನ ನೀವು ಬರೇ ಬೆಲ್ಲದ ವ್ಯಾಪಾರಿ ಆಗಿರ್ರಿ."

ಚನಮಲ್ಲಪ್ಪ ಒಪ್ಪಿದ. ಪಂಖಕ್ಕೆ ಕೌದಿ ಸುತ್ತಿ, ಪಡಸಾಲೆಯ ಪಕ್ಕದ ಕೋಣೆಯಲ್ಲಿಟ್ಟ.

ಆ ದಿನ ಬಂತು. ಶಿವಯೋಗೆಪ್ಪನವರು ಬೆಳ್ಳಗಿನ ಧೋತರ, ಬೆಳ್ಳಗಿನ ರುಮಾಲು, ಹಣೆತುಂಬ ವಿಭೂತಿ ಧರಿಸಿ ಬಂದರು. ಮಗಳ ತಲೆ ಸವರಿದರು. ಕೂಸನ್ನು ಎತ್ತಿಕೊಂಡರೆ ಅದು ಅವರ ಮೀಸೆಯನ್ನೇ ಹಿಡಿಯಿತು. ಎರಡು ವರ್ಷದ ಸಿಟ್ಟಿನಲ್ಲಿ ಅರ್ಧ ಅಲ್ಲಿಯೇ ಕರಗಿತು.

ಆದರೆ ಬಿಸಿಲು ನೋಡಿ! ವೈಶಾಖದ ನಡುಹಗಲು. ಅಂಗಳದ ಬೇವಿನ ಮರದಲ್ಲಿ ಒಂದೆಲೆ ಅಲುಗದು. ಪಡಸಾಲೆ ತುಂಬ ಜನ, ಒಲೆಯ ಮೇಲೆ ಹೋಳಿಗೆ. ಕೂಸನ್ನು ತೊಟ್ಟಿಲಿಗೆ ಹಾಕಿದ್ದೇ ತಡ, ಅದು ಚೀರತೊಡಗಿತು. ಮೈಮೇಲೆ ಕೆಂಪು ಬೆವರುಸಾಲೆ. ಹೆಂಗಸರು ಸೆರಗು ಬೀಸಿದರು, ಗಂಡಸರು ರುಮಾಲು ಬೀಸಿದರು. ಶಿವಯೋಗೆಪ್ಪನವರು ಧೋತರದ ಚುಂಗು ಬೀಸಿ ಬೀಸಿ ತೋಳು ಸೋತು ಕುಳಿತರು. ಕೂಸಿನ ಕೂಗು ಏರುತ್ತಲೇ ಇತ್ತು. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ, ಅಂದರೆ ಚನಮಲ್ಲಪ್ಪನ ಅಕ್ಕ ಸತ್ಯವ್ವ, ಬಗ್ಗಿದಾಗಲೆಲ್ಲ ಆ ಚೀರಾಟಕ್ಕೆ ತಾನೇ ಕಿವಿ ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದಳು.

ಚನಮಲ್ಲಪ್ಪನ ಕರುಳು ಚುರುಕ್ ಎಂದಿತು. ತಲೆಯೂ ಚುರುಕಾಯಿತು. ಆ ಪಕ್ಕದ ಕೋಣೆಗೂ ಪಡಸಾಲೆಗೂ ನಡುವೆ ಕಟ್ಟಿಗೆಯ ಜಾಲಂದರದ ಕಿಟಕಿಯಿತ್ತು, ಅದಕ್ಕೊಂದು ತೆಳು ಪರದೆ. ತೊಟ್ಟಿಲು ತೂಗುತ್ತಿದ್ದದ್ದು ಸರಿಯಾಗಿ ಅದರ ಎದುರಿಗೆ. ಯಂತ್ರ ಕಣ್ಣಿಗೆ ಬೀಳದಿದ್ದರೆ ಆಣೆಗೆ ಹೇಗೆ ಗೊತ್ತಾದೀತು? ಅವನು ಮೆಲ್ಲಗೆ ಒಳಹೊಕ್ಕು ಅಗಳಿ ಹಾಕಿಕೊಂಡ. ದೀಪ ಹಚ್ಚಿದ, ಕಾದ, ರೆಕ್ಕೆಗೆ ಬೆರಳು ತಾಗಿಸಿದ.

ಪರದೆ ಅಲುಗಿತು. ತಣ್ಣನೆಯ ಗಾಳಿಯೊಂದು ತೊಟ್ಟಿಲ ಮೇಲೆ ಹಾದುಹೋಯಿತು. ಕೂಸು ಅರ್ಧ ಕೂಗಿನಲ್ಲಿ ಬಾಯಿ ತೆರೆದುಕೊಂಡೇ ಸುಮ್ಮನಾಗಿ, ಬೆರಗಾಗಿ, ನಕ್ಕಿತು.

ಶಿವಯೋಗೆಪ್ಪನವರು ಹೊರಗೆ ಬೇವಿನ ಮರವನ್ನು ನೋಡಿದರು, ಒಳಗೆ ಪರದೆಯನ್ನು ನೋಡಿದರು. ಎಲೆ ಅಲುಗದ ಹೊತ್ತಿನಲ್ಲಿ ಗೋಡೆಯೊಳಗಿನಿಂದ ಗಾಳಿ! ಶಿವಗಂಗವ್ವನಿಗೆ ಸಂಶಯವೇ ಉಳಿಯಲಿಲ್ಲ. ಮಹಾಲಿಂಗೇಶ್ವರನೇ ಗಾಳಿಯಾಗಿ ಬಂದು ಮೊಮ್ಮಗಳನ್ನು ಹರಸಿದ ಎಂದು ಅವಳು ಕೈ ಮುಗಿದಳು. ಒಬ್ಬಳು ಮುಗಿದದ್ದು ಕಂಡು ಎಲ್ಲರೂ ಮುಗಿದರು. ಸುದ್ದಿ ಓಣಿಗೆ ಹಬ್ಬಿ ಹೊಲಿಗೆ ಬಿಟ್ಟು ಬಂದವರು, ಅಂಗಡಿ ಬಿಟ್ಟು ಬಂದವರು ಎಲ್ಲ ಪರದೆಯ ಮುಂದೆ ಸಾಲಾಗಿ ನಿಂತರು. ದಿನವೂ ಪಂಖದ ಮುಂದೆ ಕೂರುತ್ತಿದ್ದವರಿಗೂ ಆ ಜಯಕಾರದ ಗದ್ದಲದಲ್ಲಿ ಟಿಕ್ ಟಿಕ್ ಕೇಳಿಸಲಿಲ್ಲ. ಜಾಲಂದರಕ್ಕೆ ವಿಭೂತಿ ಬಿತ್ತು, ಹೂವು ಬಿತ್ತು, ಒಂದು ಕಾಯಿಯೂ ಒಡೆಯಿತು.

ಭಾಗವ್ವನಿಗೆ ಮೊದಲ ಟಿಕ್ಕಿಗೇ ತಿಳಿದುಹೋಗಿತ್ತು ಇದು ಯಾವ ದೇವರೆಂದು! ಹೇಳಿದರೆ ಅಪ್ಪ ಎದ್ದುಹೋಗುತ್ತಾನೆ. ಸುಮ್ಮನಿರೋಣ ಎಂದು ಹಲ್ಲು ಕಚ್ಚಿದಳು. ಅಷ್ಟರಲ್ಲಿ ಶಿವಗಂಗವ್ವ ಇನ್ನೊಂದು ಮಾತು ತೆಗೆದಳು. ದೇವರು ಗಾಳಿಯಾಗಿ ಬಂದಮೇಲೆ ಕೂಸಿಗೆ ಬೇರೆ ಹೆಸರು ಯಾಕೆ, ಗಾಳೆವ್ವ ಎಂದೇ ಇಡಬೇಕು. ಹೌದು ಹೌದು ಎಂದು ಇಡೀ ಪಡಸಾಲೆ ಒಪ್ಪಿತು. ಶಿವಯೋಗೆಪ್ಪನವರ ಕಣ್ಣಲ್ಲಿ ನೀರಾಡಿತು. ಭಾಗವ್ವನ ಕಣ್ಣಲ್ಲೂ ನೀರಾಡಿತು, ಕಾರಣ ಬೇರೆ.

ಒಳಗೆ ಚನಮಲ್ಲಪ್ಪನ ಸ್ಥಿತಿ ಏನು? ಹೊರಗೆ ಎಷ್ಟು ತಂಪೋ ಒಳಗೆ ಅಷ್ಟು ಕಾವು. ಬೆಲ್ಲದ ಗಾಣದ ಒಲೆಗೆ ಕಟ್ಟಿಗೆ ಒಟ್ಟುವವನಂತೆ ಅಂಗಿ ಕಳಚಿ, ಬೆವರಿನಲ್ಲಿ ತೊಯ್ದು ನಿಂತಿದ್ದ. ಬಾಗಿಲು ತೆರೆಯುವಂತಿಲ್ಲ, ಎದುರಿಗೇ ಭಕ್ತಾದಿಗಳು. ಆದರೂ ತನ್ನ ಪಂಖಕ್ಕೆ ಬೀಳುತ್ತಿದ್ದ ಜಯಕಾರ ಕೇಳಿ ಎದೆ ಉಬ್ಬಿತು. ಯಾವ ಇಂಜಿನಿಯರನ ಯಂತ್ರಕ್ಕೆ ಇಂಥ ಮನ್ನಣೆ ಸಿಕ್ಕಿದ್ದುಂಟು? ಇನ್ನಷ್ಟು ಕೃಪೆ ಬೀಸಲಿ ಎಂದು ಬತ್ತಿಯನ್ನು ಒಂದು ಸುತ್ತು ಏರಿಸಿದ. ಜೈಕಾರ ಜೋರಾಯಿತು. ಇನ್ನೊಂದು ಸುತ್ತು ಏರಿಸಿದ.

ಆ ಹೊತ್ತಿಗೇ ಶಿವಗಂಗವ್ವ ತಂಬಿಗೆ ತುಂಬ ತೀರ್ಥ ತಂದು ಜಾಲಂದರಕ್ಕೆ ಚಿಮುಕಿಸಿದಳು. ನಾಲ್ಕು ಹನಿ ಕಿಂಡಿ ದಾಟಿ ಕಾದ ಗಾಜಿನ ಮೇಲೆ ಬಿದ್ದವು. ಟಪ್! ಗಾಜು ಒಡೆಯಿತು. ಉದ್ದವಾಗಿದ್ದ ಬತ್ತಿ ಕರ್ರಗೆ ಹೊಗೆಯೆಬ್ಬಿಸಿತು. ಪಂಖಾ ತನ್ನ ಧರ್ಮವನ್ನು ಬಿಡಲಿಲ್ಲ. ಗಾಳಿಯನ್ನು ಕಳಿಸಿದಷ್ಟೇ ಶ್ರದ್ಧೆಯಿಂದ ಮಸಿಯನ್ನೂ ಪಡಸಾಲೆಗೆ ಕಳಿಸಿತು. ಬಿಳಿ ರುಮಾಲುಗಳ ಮೇಲೆ ಕರೀ ಎಳ್ಳು ಉದುರಿದಂತಾಯಿತು. ಹೋಳಿಗೆಯ ಪರಾತಕ್ಕೆ ಗಸಗಸೆ ಬೆರೆಯಿತು. ಶಿವಯೋಗೆಪ್ಪನವರ ಹಣೆಯ ವಿಭೂತಿ ನೋಡನೋಡುತ್ತ ಬೂದುಬಣ್ಣ ದಾಟಿ ಮುಂದೆ ಹೋಯಿತು. ಅವರು ಮೂಗು ಏರಿಸಿದರು.

"ಅಲ್ಲ, ದೇವರ ಗಾಳಿಗಿ ಚಿಮಣಿ ಎಣ್ಣಿ ನಾತ ಯಾಕ ಬರಾಕತ್ತೈತಿ?"

ದೇವರ ಮುಂದೆ ದೀಪ ಉರಿಯುವುದಿಲ್ಲವೇ, ಅದರದಿರಬೇಕು ಎಂದು ಶಿವಗಂಗವ್ವ ದೇವರ ಪರ ವಹಿಸಿ, ಮುಹೂರ್ತ ಮೀರುತ್ತದೆ, ಹೆಸರು ಹೇಳು ಎಂದು ಸತ್ಯವ್ವನನ್ನು ಅವಸರಿಸಿದಳು. ಸತ್ಯವ್ವ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಗೆ ಬಾಯಿ ತಾಗಿಸಿದಳು. ಗಾ ಎಂಬುದು ಬಾಯಿಂದ ಬಂದೇಬಿಟ್ಟಿತ್ತು. ಭಾಗವ್ವನಿಂದ ಇನ್ನು ತಡೆಯಲಾಗಲಿಲ್ಲ.

"ಹೇಳಬ್ಯಾಡ್ರಿ ಅಕ್ಕಾರ. ಅದು ದೇವರಲ್ಲ, ನಿಮ್ಮ ತಮ್ಮ."

ಯಾರೋ ಬಾಗಿಲಿಗೆ ಹೆಗಲು ಕೊಟ್ಟರು. ಅಗಳಿ ಕಿತ್ತು ಬಂತು. ಹೊಗೆಯ ನಡುವೆ ಅಡಿಯಿಂದ ಮುಡಿಯವರೆಗೆ ಕಪ್ಪಾಗಿ, ಕಣ್ಣು ಹಲ್ಲು ಮಾತ್ರ ಬೆಳ್ಳಗಿದ್ದ ಮೂರ್ತಿಯೊಂದು ಪ್ರತ್ಯಕ್ಷವಾಯಿತು. ತಲೆಯ ಮೇಲೆ ಭಕ್ತರು ಎಸೆದ ಎರಡು ಹೂವು ಬೇರೆ. ಚನಮಲ್ಲಪ್ಪ ದೀಪ ಆರಿಸಿದ. ಪಂಖಾ ಟಿಕ್, ಟಿಕ್, ಟಿ ಎಂದು ನಿಂತಿತು. ಗಾಳಿ ನಿಂತದ್ದೇ ಕೂಸು ಮತ್ತೆ ಚೀರತೊಡಗಿತು.

ಶಿವಯೋಗೆಪ್ಪನವರು ಎದ್ದು ನಿಂತರು. ಭಾಗವ್ವ ತಲೆ ತಗ್ಗಿಸಿ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. ಚನಮಲ್ಲಪ್ಪ ಮಾವನ ಕಾಲು ಹಿಡಿಯಲು ಬಗ್ಗಿದವನು, ತನ್ನ ಕೈಯ ಮಸಿ ಕಂಡು ಅರ್ಧಕ್ಕೇ ನಿಂತ. ಬಾಯಿಂದ ಬಂದದ್ದು ಇಷ್ಟೇ.

"ಕೂಸು ಅಳೋದು ನೋಡಾಕ ಆಗಲಿಲ್ರಿ, ಮಾವಾರ."

ಮುದುಕರು ಕೂಸಿನ ಕಡೆ ನೋಡಿದರು. ಅದರ ಮುಖ ಕೆಂಪೇರಿ, ಮೂಗಿನ ತುದಿಗೆ ಮಸಿಯ ಚುಕ್ಕೆ ಅಂಟಿತ್ತು. ಅವರು ಮೆಟ್ಟು ಮೆಟ್ಟಿಕೊಂಡು ಅಂಗಳಕ್ಕೆ ಇಳಿದರು. ಹೋಗಿಯೇ ಬಿಟ್ಟರು ಎಂದು ಭಾಗವ್ವನ ಎದೆ ಒಡೆಯಿತು. ಅವರು ಹೋಗಲಿಲ್ಲ. ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತು ಅಲ್ಲಿಂದಲೇ ಹೇಳಿದರು.

"ಮಷೀನ ಓಡೂ ಮನಿಯೊಳಗ ಇರಂಗಿಲ್ಲ ಅಂತ ನನ್ನ ಆಣಿ. ಕಟ್ಟಿ ಅಂದ್ರ ಮನಿ ಅಲ್ಲ. ಕೂಸಿನ್ನೂ ಅದನ್ನೂ ಇಲ್ಲಿಗಿ ತರ್ರಿ."

ಮುಂದಿನದೆಲ್ಲ ಅಂಗಳದಲ್ಲಿ ನಡೆಯಿತು. ಕಂದೀಲಿನ ಗಾಜು ತಂದು ಪಂಖಕ್ಕೆ ಹೊಂದಿಸಿದರು. ಬೇವಿನ ಕೊಂಬೆಗೆ ತೊಟ್ಟಿಲು ಕಟ್ಟಿದರು. ವಿಮಲಾ ಎಂಬ ಹೆಸರನ್ನು ಸತ್ಯವ್ವ ಕಿವಿಯಲ್ಲಿ ಹೇಳಿದಾಗ ಕೂಸು ಗಾಳಿಗೆ ಕಣ್ಣು ಮುಚ್ಚಿಯಾಗಿತ್ತು. ಮಸಿಯ ಹೋಳಿಗೆಯನ್ನು ಯಾರೂ ಬಿಡಲಿಲ್ಲ, ತುಪ್ಪ ಹಾಕಿಕೊಂಡು ತಿಂದರು. ಶಿವಯೋಗೆಪ್ಪನವರು ಮೊದಲು ಪಂಖದ ಕಡೆ ಬೆನ್ನು ಮಾಡಿ ಕುಳಿತಿದ್ದರು. ಊಟವಾದ ಮೇಲೆ ಓರೆಯಾಗಿ ಕುಳಿತರು. ಎಲೆಅಡಿಕೆ ಮುಗಿಯುವ ಹೊತ್ತಿಗೆ ಎದುರಿಗೇ ಬಂದು, ಕೂಸಿನ ಗಾಳಿಗೆ ಅಡ್ಡವಾದರು. ಶಿವಗಂಗವ್ವ ಸರಿಸಿ ಕೂರಿಸಬೇಕಾಯಿತು. ಆಮೇಲೆ ಅಲ್ಲೇ ಗೊರಕೆ ಹೊಡೆದರು. ಎರಡು ವರ್ಷದ ಮೇಲೆ ಮಗಳ ಮನೆಯ ಅಂಗಳದಲ್ಲಿ ಮಲಗಿದ ಅಪ್ಪನನ್ನು ಭಾಗವ್ವ ನೋಡುತ್ತ ನಿಂತಿದ್ದಳು. ಅವಳನ್ನು ನೋಡುತ್ತ ನಿಂತ ಚನಮಲ್ಲಪ್ಪನಿಗೆ ಪಂಖಕ್ಕಿಂತ ಚೆಂದದ ವಸ್ತು ಲೋಕದಲ್ಲಿದೆ ಎಂದು ಅಂದು ಹೊಳೆಯಿತು.

ಸಂಜೆ ಎದ್ದ ಶಿವಯೋಗೆಪ್ಪನವರು ಮುಖ ತೊಳೆದು ತೀರ್ಪು ಕೊಟ್ಟರು. ಮಳೆಗಾಲ ಬರುವವರೆಗೆ ಮಗಳು, ಮೊಮ್ಮಕ್ಕಳು ಬೀಳಗಿಯಲ್ಲಿರಲಿ. ಕೂಸಿಗೆ ಆ ಗಾಳಿ ರೂಢಿಯಾದದ್ದರಿಂದ ಪಂಖಾನೂ ಬರಲಿ.

ಮರುದಿನ ಮೋಟಾರಿನ ಟಪ್ಪಿನ ಮೇಲೆ ಕೌದಿ ಸುತ್ತಿದ ಪಂಖಾ ಏರಿತು. ಚನಮಲ್ಲಪ್ಪ ತನ್ನ ಗಂಟನ್ನೂ ಕಟ್ಟಿಕೊಂಡು ಬಂದಿದ್ದ. ಯಾರೂ ಬಾ ಎನ್ನಲಿಲ್ಲ. ಕಡೆಗೆ ಅವನೇ ಕಿಟಕಿಯ ಹತ್ತಿರ ಹೋಗಿ, ಅದನ್ನು ಹಚ್ಚುವುದು ಹುಡುಗಾಟವಲ್ಲ, ಬತ್ತಿಯ ಅಳತೆ ಬೇಕು, ರೆಕ್ಕೆಯನ್ನು ಸರಿಯಾದ ಕಡೆಗೆ ತಳ್ಳಬೇಕು, ಗೊತ್ತಿದ್ದವರು ಒಬ್ಬರು ಜೊತೆಗಿರುವುದು ಒಳ್ಳೆಯದು ಎಂದ.

ಭಾಗವ್ವ ಕೂಸಿನ ಕುಲಾವಿ ಸರಿಮಾಡುತ್ತ ಹೇಳಿದಳು:

"ಅದರ ಚಿಂತಿ ಬ್ಯಾಡ್ರಿ. ನೀವು ಅಂಗಡಿಗಿ ಹ್ವಾದ ಮ್ಯಾಲ ದಿನಾ ಮಧ್ಯಾಹ್ನ ಹಚ್ಚಾಕಿ ನಾನ. ಹೊಗಿ ಬಂದದ್ದು ನೀವು ಹಚ್ಚಿದಾಗಷ್ಟ."

ಮೋಟಾರು ಧೂಳೆಬ್ಬಿಸಿ ಹೊರಟುಹೋಯಿತು.

ಮನೆ ಬಿಕೋ ಎಂದಿತು. ಚನಮಲ್ಲಪ್ಪ ಗೋಡೆ ಗಡಿಯಾರದ ಕೆಳಗೆ ಮಲಗಿ ನೋಡಿದ, ಆ ಟಿಕ್ ಟಿಕ್ಕಿನಲ್ಲಿ ಜೀವವಿರಲಿಲ್ಲ. ತಾನೇ ಬೇಯಿಸಿಕೊಂಡ ಝುಣಕದಲ್ಲಿ ಉಪ್ಪಿರಲಿಲ್ಲ. ವಾರ ತುಂಬುವ ಮೊದಲೇ ಹೊಸ ಬತ್ತಿ ಒಯ್ಯುವ ನೆಪ ಮಾಡಿಕೊಂಡು, ಒಂದು ಪೆಂಟೆ ಬೆಲ್ಲ ಹೊತ್ತು ಬೀಳಗಿಯ ದಾರಿ ಹಿಡಿದ.

ಮಾವನ ಅಂಗಳದಲ್ಲಿ ಅರ್ಧ ಊರೇ ನೆರೆದಿತ್ತು. ನಡುವೆ ಪಂಖಾ ಟಿಕ್ ಟಿಕ್ ಎಂದು ತಿರುಗುತ್ತಿತ್ತು. ಒಂದೆಳೆ ಹೊಗೆಯಿಲ್ಲ. ಹಿತ್ತಾಳೆಯ ರೆಕ್ಕೆಗೆ ಯಾರೋ ವಿಭೂತಿ ಹಚ್ಚಿದ್ದರು. ಪಕ್ಕದಲ್ಲಿ ಶಿವಯೋಗೆಪ್ಪನವರು ಸೊಂಟದ ಮೇಲೆ ಕೈಯಿಟ್ಟು, ಕೊಳವೆಯೊಳಗಿನ ಗಾಳಿ ಕಾದು ಹಿಗ್ಗುವುದನ್ನೂ ತಣಿದು ಕುಗ್ಗುವುದನ್ನೂ ವಿವರಿಸುತ್ತಿದ್ದರು. ಅಳಿಯನನ್ನು ಕಂಡು ಅವರ ಮುಖ ಅರಳಿತು. ಪ್ರೀತಿಯಿಂದ ಹೆಗಲ ಮೇಲೆ ಕೈ ಹಾಕಿ, ನೆರೆದ ಜನಕ್ಕೆ ಪರಿಚಯ ಮಾಡಿಸಿದರು.

"ಇವರು ನಮ್ಮ ಅಳಿಯಂದ್ರು. ಭಾಳ ಛಲೋ ಮಂದಿ. ಮಷೀನಿನ ಸನೇಕ ಮಾತ್ರ ಬಿಡಬ್ಯಾಡ್ರಿ, ಅವರಿಗಿ ಅದು ತಿಳಿಯಂಗಿಲ್ಲ."